ತೂಗುವುದು ಬೇರೆ, ತಪ್ಪುವುದು ಬೇರೆ

ಎಫ್.ಎಂ. ಎಂಬ ಎರಡು ಅಕ್ಷರಗಳನ್ನು ಕೇಳದ ಕಿವಿ ಇಂದು ಇಲ್ಲ. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಶೇಂಗಾ ಬಿಡಿಸುವ ಅಂಗಳದಲ್ಲಿ ಅದು ಹಾಡುತ್ತಲೇ ಇರುತ್ತದೆ. ಅದರ ಪೂರ್ಣರೂಪ ‘ಫ್ರೀಕ್ವೆನ್ಸಿ ಮಾಡ್ಯುಲೇಷನ್’ ಎಂದು ನಾನು ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ಹೇಳಿದ್ದೇನೆ, ಮಕ್ಕಳು ಬರೆದುಕೊಂಡಿದ್ದಾರೆ, ಪರೀಕ್ಷೆಯಲ್ಲಿ ಅದಕ್ಕೊಂದು ಅಂಕವನ್ನೂ ಪಡೆದಿದ್ದಾರೆ. ಆದರೆ ಹೇಳಿದವನಿಗೂ ಬರೆದುಕೊಂಡವರಿಗೂ ಅದರ ಒಳಗು ತಿಳಿದಿರಲಿಲ್ಲವೆಂಬುದು ನನಗೆ ಮನವರಿಕೆಯಾದದ್ದು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಬೆಳುಗುಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ, ಮೊಮ್ಮಗನ ಎದುರು ಕುಳಿತಾಗ. ಆ ತಿಳಿವಳಿಕೆಯ ಜೊತೆಗೆ ಒಂದು ಹಳೆಯ ತಪ್ಪೂ ಎದ್ದು ಬಂದಿತು. ಎರಡನ್ನೂ ಇಲ್ಲಿ ನಿವೇದಿಸುತ್ತೇನೆ.

ಮಗಳ ಮಗ ಬೆಂಗಳೂರಿನಲ್ಲಿದ್ದಾನೆ. ಎಂಜಿನಿಯರಿಂಗ್ ಓದಿ, ಉದ್ಯೋಗವೂ ಸಿಕ್ಕಿ, ಸಂಪಾದನೆಯ ಬಹುಭಾಗವನ್ನು ಧ್ವನಿಯ ಯಂತ್ರಗಳಿಗೆ ಸುರಿಯುವ ಹುಡುಗ. ಯುಗಾದಿಗೆ ಬಂದಾಗ ಸೂಟ್‌ಕೇಸಿನಂಥ ಒಂದು ಪೆಟ್ಟಿಗೆ ತಂದಿದ್ದ. ಮುಚ್ಚಳ ತೆರೆದರೆ ಒಳಗೆ ಅಲ್ಯುಮಿನಿಯಂ ಫಲಕಗಳು, ತಿರುಗಿಸುವ ಗುಂಡಿಗಳು, ಸಾಲುಸಾಲು ತೂತುಗಳು, ಒಂದು ತೂತಿನಿಂದ ಇನ್ನೊಂದಕ್ಕೆ ಹೋಗುವ ಬಣ್ಣಬಣ್ಣದ ತಂತಿಗಳು. “ಇದೇನಪ್ಪ, ಹಳೆಯ ಟೆಲಿಫೋನ್ ಎಕ್ಸ್‌ಚೇಂಜನ್ನೇ ಹೊತ್ತು ತಂದಿದ್ದೀಯಲ್ಲ” ಎಂದು ಅವನ ಅಜ್ಜಿ ನಕ್ಕಳು. ಅದು ಮಾಡ್ಯುಲರ್ ಸಿಂಥಸೈಸರ್. ಸ್ವರ ಹುಟ್ಟಿಸುವ ಭಾಗ ಬೇರೆ, ಸೋಸುವ ಭಾಗ ಬೇರೆ, ಏರಿಸಿ ಇಳಿಸುವ ಭಾಗ ಬೇರೆ. ನುಡಿಸುವವನು ತಂತಿ ಹಾಕಿ ಅವುಗಳನ್ನು ತನ್ನಿಷ್ಟದಂತೆ ಜೋಡಿಸಿಕೊಳ್ಳಬೇಕು. ಈ ಬಗೆಯ ಯಂತ್ರವನ್ನು 1964ರ ಸುಮಾರಿಗೆ ಅಮೆರಿಕದಲ್ಲಿ ರಾಬರ್ಟ್ ಮೂಗ್ ರೂಪಿಸಿದರು. 1969ರಲ್ಲೇ ಅಂಥದೊಂದು ಮೂಗ್ ಯಂತ್ರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತ್ತು; ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರರು ಬಂದು ಅದನ್ನು ಅಣಿಗೊಳಿಸಿದರು; ಗೀತಾ ಸಾರಾಭಾಯಿಯವರಂಥವರು ಅದರಲ್ಲಿ ಕೆಲಸ ಮಾಡಿದರು ಎಂದು ಮೊಮ್ಮಗ ಹೇಳಿದ. ನಮ್ಮ ಸೀಮೆಯಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಇದ್ದವನೇ ಶ್ರೀಮಂತನಾಗಿದ್ದ ಕಾಲ ಅದು.

ನನಗೆ ಹಾರ್ಮೋನಿಯಂ ಬರುತ್ತದೆ. ಹುಡುಗನಾಗಿದ್ದಾಗ ನಾಟಕದ ಪೇಟಿ ಮಾಸ್ತರರೊಬ್ಬರ ಹಿಂದೆ ತಿರುಗಿ ಕಲಿತದ್ದು. ಆದ್ದರಿಂದ ಯಂತ್ರ ನೋಡಿದೊಡನೆ ನಾನು ಕೇಳಿದ ಪ್ರಶ್ನೆ ಒಂದೇ: “ಇದರಲ್ಲಿ ಷಡ್ಜ ಎಲ್ಲಿದೆ?”

ಅವನು ಒಂದು ಫಲಕವನ್ನು ತೋರಿಸಿದ. ಅದರ ಹೆಸರು ಆಸಿಲೇಟರ್, ಅಂದರೆ ಆಂದೋಲಕ. ಅದರೊಳಗೆ ಒಂದು ಕೆಪಾಸಿಟರ್ ವಿದ್ಯುತ್ತಿನಿಂದ ತುಂಬುತ್ತದೆ, ಬರಿದಾಗುತ್ತದೆ, ಮತ್ತೆ ತುಂಬುತ್ತದೆ. ಸೆಕೆಂಡಿಗೆ ಇನ್ನೂರು ಸಲ ಹಾಗಾದರೆ ಇನ್ನೂರು ಹರ್ಟ್ಜ್ ಸ್ವರ. ತುಂಬಿಸುವ ಪ್ರವಾಹವನ್ನು ಎರಡರಷ್ಟು ಮಾಡಿದರೆ ಕೆಲಸ ಎರಡರಷ್ಟು ವೇಗವಾಗಿ ನಡೆದು ಸ್ವರ ನಾನೂರಕ್ಕೆ, ಅಂದರೆ ಮೇಲಿನ ಷಡ್ಜಕ್ಕೆ ಏರುತ್ತದೆ. ಇಲ್ಲಿಯವರೆಗೆ ನಮ್ಮ ಒಂಬತ್ತನೆಯ ತರಗತಿಯ ಭೌತವಿಜ್ಞಾನ.

ಮುಂದಿನದು ಸ್ವಲ್ಪ ಸೂಕ್ಷ್ಮ. ಆ ಯಂತ್ರದಲ್ಲಿ ವೋಲ್ಟೇಜನ್ನು ಒಂದು ವೋಲ್ಟ್ ಹೆಚ್ಚಿಸಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ. ನೂರು ಹರ್ಟ್ಜಿನಿಂದ ಹೊರಟರೆ ಒಂದು ವೋಲ್ಟಿಗೆ ಇನ್ನೂರು, ಎರಡಕ್ಕೆ ನಾನೂರು, ಮೂರಕ್ಕೆ ಎಂಟುನೂರು. ವೋಲ್ಟೇಜ್ ಸಮಾಂತರ ಶ್ರೇಢಿಯಲ್ಲಿ ನಡೆದರೆ ಸ್ವರ ಗುಣೋತ್ತರ ಶ್ರೇಢಿಯಲ್ಲಿ ಓಡುತ್ತದೆ. ಸರಳ ಬಡ್ಡಿಗೂ ಚಕ್ರಬಡ್ಡಿಗೂ ಇರುವ ವ್ಯತ್ಯಾಸವೇ ಇದು. ನಮ್ಮ ಕಿವಿ ಸ್ವರಗಳನ್ನು ಅಳೆಯುವುದೂ ಹೀಗೆಯೇ: ನೂರರಿಂದ ಇನ್ನೂರಕ್ಕೆ ಇರುವ ದೂರವೂ ನಾನೂರರಿಂದ ಎಂಟುನೂರಕ್ಕೆ ಇರುವ ದೂರವೂ ಕಿವಿಗೆ ಒಂದೇ. ಆಂದೋಲಕದೊಳಗೆ ಈ ಚಕ್ರಬಡ್ಡಿಯ ಲೆಕ್ಕ ಮಾಡುವುದು ಟ್ರಾನ್ಸಿಸ್ಟರ್. ಅದರ ಬಾಗಿಲಲ್ಲಿ ಸುಮಾರು ಹದಿನೆಂಟು ಮಿಲಿವೋಲ್ಟ್ ಹೆಚ್ಚಾದರೆ ಒಳಗಿನ ಪ್ರವಾಹ ಇಮ್ಮಡಿಯಾಗುತ್ತದೆ. ಈ ಹದಿನೆಂಟು ಎಂಬ ಸಂಖ್ಯೆ ಬಿಸಿಯೊಡನೆ ಬದಲಾಗುವುದರಿಂದ, ತಾಪಕ್ಕೆ ತಕ್ಕಂತೆ ಸರಿದೂಗಿಸುವ ರೆಸಿಸ್ಟರನ್ನು ಜೊತೆಗಿಟ್ಟಿರುತ್ತಾರೆ. ಆದರೂ ಅನಂತಪುರ ಜಿಲ್ಲೆಯ ಬೇಸಗೆ ಎಂದರೇನೆಂದು ಆ ಯಂತ್ರ ಮಾಡಿದವರಿಗೆ ತಿಳಿದಿರಲಾರದು. ಮಧ್ಯಾಹ್ನ ಕೂಡಿಸಿದ ಶ್ರುತಿ ಸಂಜೆಯ ಗಾಳಿ ಬೀಸುವ ಹೊತ್ತಿಗೆ ತುಸು ಕದಲಿರುತ್ತಿತ್ತು. ತಂಬೂರಿಯ ತಂತಿಗೂ ಇದೇ ಪಾಡು. ಅದಕ್ಕಾಗಿ ನನಗೆ ಯಂತ್ರದ ಮೇಲೆ ಸ್ವಲ್ಪ ಮಮತೆಯೂ ಹುಟ್ಟಿತು.

ಒಂದು ಸಂಜೆ ಅವನು ಎರಡನೆಯ ಆಂದೋಲಕದಿಂದ ತಂತಿಯೊಂದನ್ನು ಮೊದಲನೆಯದಕ್ಕೆ ಸಿಕ್ಕಿಸಿದ. ಎರಡನೆಯದರ ಅಲೆಗೆ ತಕ್ಕಂತೆ ಮೊದಲನೆಯದರ ಸ್ವರ ಏರಿಳಿಯತೊಡಗಿತು. ಧ್ವನಿಯ ಎತ್ತರ ತಗ್ಗುಗಳನ್ನಲ್ಲ, ಸ್ವರವನ್ನೇ ತೂಗುವುದು, ಇದೇ ಎಫ್.ಎಂ. ನಮ್ಮೂರ ಸುತ್ತಿನ ಗಾಳಿಯಂತ್ರಗಳ ಬಳಿ ನಿಂತರೆ ರೆಕ್ಕೆ ಬಂದಾಗಲೊಮ್ಮೆ ಸದ್ದು ಜೋರಾಗಿ, ಹೋದಾಗ ಮೆಲ್ಲಗಾಗುತ್ತದೆಯಲ್ಲ, ಅಲ್ಲಿ ತೂಗುವುದು ಸದ್ದಿನ ಬಲ. ಹಳೆಯ ಮೀಡಿಯಂ ವೇವ್ ರೇಡಿಯೋದ ರೀತಿ ಅದು. ಇಲ್ಲಿ ತೂಗುವುದು ಕಂಪನದ ಎಣಿಕೆ. ನಿಧಾನವಾಗಿ ತೂಗಿದಾಗ ಅದು ನನಗೆ ಪರಿಚಿತವೇ ಆಗಿತ್ತು. “ಇದು ಕಂಪಿತ ಗಮಕ ಕಣೋ” ಎಂದೆ.

“ಹೌದು ತಾತ. ಈಗ ವೇಗ ಹೆಚ್ಚಿಸ್ತೀನಿ, ಕೇಳಿ” ಎಂದ.

ತೂಗಾಟ ಸೆಕೆಂಡಿಗೆ ಐದು, ಹತ್ತು, ಹದಿನೈದು ಸಲವಾಯಿತು. ಇಪ್ಪತ್ತನ್ನು ದಾಟಿದಂತೆ ವಿಚಿತ್ರವೊಂದು ನಡೆಯಿತು. ಏರಿಳಿತ ಕೇಳಿಸುವುದೇ ನಿಂತುಹೋಯಿತು. ಅದರ ಬದಲು ಸ್ವರದ ಗುಣವೇ ಮಾರ್ಪಟ್ಟಿತು, ಕೊಳಲಿನಂತಿದ್ದದ್ದು ಕಹಳೆಯಂತಾಯಿತು. ವೇಗ ಮಿತಿಮೀರಿದಾಗ ಕಿವಿ ಚಲನೆಯನ್ನು ಹಿಡಿಯಲಾರದೆ ಅದನ್ನು ಬಣ್ಣವೆಂದು ಗ್ರಹಿಸುತ್ತದೆ. 1967ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಎಂಬ ಸಂಗೀತಗಾರ ಕಂಪ್ಯೂಟರಿನಲ್ಲಿ ಹೀಗೆಯೇ ಕಂಪನವನ್ನು ಬೆಳೆಸುತ್ತ ಹೋಗಿ ಈ ಸಂಗತಿಯನ್ನು ಕಂಡುಕೊಂಡರು. 1973ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. 1983ರಲ್ಲಿ ಯಮಹಾ ಸಂಸ್ಥೆ ಅದರ ಆಧಾರದ ಮೇಲೆ ಡಿಎಕ್ಸ್ 7 ಎಂಬ ಕೀಬೋರ್ಡನ್ನು ಮಾರುಕಟ್ಟೆಗೆ ತಂದಿತು.

ಮೊಮ್ಮಗ ತನ್ನ ಮೊಬೈಲಿನಲ್ಲಿ ತಂಬೂರಿಯ ನಾದ ಹಚ್ಚಿದ್ದ. ಅದರ ಷಡ್ಜಕ್ಕೆ ಆಂದೋಲಕವನ್ನು ಕೂಡಿಸಿದ್ದೆವು. ಅವನು ತೂಗಾಟದ ಆಳವನ್ನು ಹೆಚ್ಚಿಸುತ್ತ ಹೋದಂತೆ ಸ್ವರ ತಂಬೂರಿಯನ್ನು ಬಿಟ್ಟು ಮೇಲೆ ಮೇಲೆ ಏರತೊಡಗಿತು. ನನಗೆ ಸಹಿಸಲಾಗಲಿಲ್ಲ. “ಶ್ರುತಿ ಬಿಟ್ಟಿತು, ನಿಲ್ಲಿಸು” ಎಂದು ಗದರಿದೆ. ಹಾಗೆ ಗದರಿದ ನನ್ನ ದನಿ ನನಗೇ ಎಲ್ಲೋ ಕೇಳಿದಂತೆ ಅನ್ನಿಸಿತು. ಆಗ ಅದರ ಮೂಲ ನೆನಪಾಗಲಿಲ್ಲ.

ಅವನು ನಕ್ಕು, ಆ ತಂತಿಯನ್ನು ಕಿತ್ತು ಪಕ್ಕದ ಇನ್ನೊಂದು ತೂತಿಗೆ ಸಿಕ್ಕಿಸಿದ. ಅದರ ಮೇಲೆ ‘ಲೀನಿಯರ್ ಎಫ್.ಎಂ.’ ಎಂದು ಬರೆದಿತ್ತು. ಮತ್ತೆ ಆಳವನ್ನು ಹೆಚ್ಚಿಸಿದ. ಸ್ವರದ ಬಣ್ಣ ಮೊದಲಿನಂತೆಯೇ ಬದಲಾಗುತ್ತ ಹೋಯಿತು, ಆದರೆ ಷಡ್ಜ ತಂಬೂರಿಯನ್ನು ಬಿಡಲಿಲ್ಲ. ತೂಗುತ್ತಲೇ ಇತ್ತು, ಕದಲಲಿಲ್ಲ.

ಇದೇಕೆ ಎಂದು ತಿಳಿಯದೆ ಊಟಕ್ಕೆ ಏಳಲು ಮನಸ್ಸಾಗಲಿಲ್ಲ. ಮೊಮ್ಮಗ ಸೂತ್ರಗಳನ್ನು ಹೇಳಹೊರಟ. ನಾನು ತಡೆದು, ಕಾಗದ ತೆಗೆದುಕೊಂಡು, ಮಕ್ಕಳಿಗೆ ಹೇಳುವಂತೆ ನನಗೇ ಹೇಳಿಕೊಂಡೆ. ಮೂಲ ಸ್ವರ ಇನ್ನೂರು ಹರ್ಟ್ಜ್ ಇರಲಿ. ತೂಗುವ ಅಲೆ ಅರ್ಧ ಕಾಲ ಮೇಲೆ, ಅರ್ಧ ಕಾಲ ಕೆಳಗೆ ಇರುವ ಚೌಕದ ಅಲೆ ಎಂದಿಟ್ಟುಕೊಳ್ಳೋಣ. ಮೊದಲ ತೂತಿನಲ್ಲಿ ಒಂದು ವೋಲ್ಟ್ ಮೇಲೆ ಹೋದರೆ ಸ್ವರ ನಾನೂರು. ಒಂದು ವೋಲ್ಟ್ ಕೆಳಗೆ ಬಂದರೆ ನೂರು. ಮೇಲೆ ಹೋದದ್ದು ಇನ್ನೂರು ಹೆಜ್ಜೆ, ಕೆಳಗೆ ಬಂದದ್ದು ನೂರೇ ಹೆಜ್ಜೆ. ಸರಾಸರಿ ಇನ್ನೂರಲ್ಲ, ಇನ್ನೂರೈವತ್ತು. ಅಂದರೆ ಒಂದು ಸೆಕೆಂಡಿನಲ್ಲಿ ನಡೆಯುವ ಒಟ್ಟು ಕಂಪನಗಳೇ ಹೆಚ್ಚಾದವು. ಶ್ರುತಿ ಏರದೆ ಇನ್ನೇನು ಮಾಡೀತು? ಎರಡನೆಯ ತೂತಿನಲ್ಲಿ ಲೆಕ್ಕ ಗುಣಾಕಾರದ್ದಲ್ಲ, ಕೂಡಿಕೆಯದು. ನೂರು ಕೂಡಿದರೆ ಮುನ್ನೂರು, ನೂರು ಕಳೆದರೆ ನೂರು, ಸರಾಸರಿ ಇನ್ನೂರು. ಏರಿದಷ್ಟೇ ಇಳಿದದ್ದರಿಂದ ಮೂಲ ಉಳಿಯಿತು. ಸಮಾಂತರ ಮಾಧ್ಯ ಗುಣೋತ್ತರ ಮಾಧ್ಯಕ್ಕಿಂತ ಎಂದೂ ಕಡಿಮೆಯಾಗದು ಎಂದು ಎಷ್ಟೋ ತಂಡದ ಮಕ್ಕಳಿಗೆ ಸಾಧಿಸಿ ತೋರಿಸಿದವನು ನಾನು. ಆ ಪ್ರಮೇಯ ಹೀಗೆ ಕಿವಿಗೆ ಕೇಳಿಸುತ್ತದೆಂದು ಎಪ್ಪತ್ತನಾಲ್ಕರವರೆಗೆ ಗೊತ್ತಿರಲಿಲ್ಲ.

ಈ ಕೂಡಿಕೆಯನ್ನು ಯಂತ್ರದಲ್ಲಿ ಸಾಧಿಸುವ ಉಪಾಯ ಸರಳವಾದದ್ದು. ಚಕ್ರಬಡ್ಡಿಯ ಲೆಕ್ಕ ಮಾಡುವ ಟ್ರಾನ್ಸಿಸ್ಟರಿನ ಬಾಗಿಲಲ್ಲಿ ತೂಗುವ ವೋಲ್ಟೇಜನ್ನು ಕೊಡದೆ, ಅದು ಗುಣಿಸುವ ಅಸಲಿನಲ್ಲೇ, ಅಂದರೆ ಆಧಾರಪ್ರವಾಹದಲ್ಲೇ, ಅದನ್ನು ಕೂಡಿಬಿಡುವುದು ಒಂದು ರೂಢಿ. ಅಸಲಿನಲ್ಲಿ ಹತ್ತರಲ್ಲೊಂದು ಪಾಲು ಹೆಚ್ಚು ಕಡಿಮೆಯಾದರೆ ಸ್ವರವೂ ಅಷ್ಟೇ ಪಾಲು ಹೆಚ್ಚು ಕಡಿಮೆಯಾಗುತ್ತದೆ. ಮೂಲ ಸ್ವರ ಮೇಲಿನ ಸ್ಥಾಯಿಗೆ ಹೋದರೆ ತೂಗಾಟವೂ ಅದಕ್ಕೆ ತಕ್ಕಂತೆ ಅಗಲವಾಗುತ್ತದೆ.

ಇದಕ್ಕೆ ಎರಡು ನಿಬಂಧನೆಗಳಿವೆ. ಮೊದಲನೆಯದು, ತೂಗುವ ಅಲೆ ಸೊನ್ನೆಯ ಎರಡೂ ಕಡೆ ಸಮನಾಗಿರಬೇಕು. ಒಂದು ಕಡೆಗೆ ವಾಲಿದ್ದರೆ ಕೂಡಿಕೆಯಲ್ಲೂ ಶ್ರುತಿ ಸರಿಯುತ್ತದೆ. ಅದಕ್ಕಾಗಿ ಎಷ್ಟೋ ಯಂತ್ರಗಳಲ್ಲಿ ದಾರಿಯಲ್ಲೊಂದು ಕೆಪಾಸಿಟರ್ ಇಟ್ಟು ಆ ವಾಲಿಕೆಯನ್ನು ತಡೆಯುತ್ತಾರೆ. ಎರಡನೆಯದು, ತೂಗಾಟ ಮೂಲಕ್ಕಿಂತ ದೊಡ್ಡದಾಗಬಾರದು. ಇನ್ನೂರಕ್ಕೆ ಮುನ್ನೂರು ಕೂಡಿದರೆ ಐನೂರು. ಕಳೆದರೆ ಋಣ ನೂರು. ಸಾಮಾನ್ಯ ಆಂದೋಲಕಕ್ಕೆ ಋಣಸಂಖ್ಯೆ ತಿಳಿಯದು. ಸೊನ್ನೆಗೆ ಬಂದು ನಿಂತುಬಿಡುತ್ತದೆ. ಐನೂರು ಮತ್ತು ಸೊನ್ನೆಯ ಸರಾಸರಿ ಇನ್ನೂರೈವತ್ತು. ಮತ್ತೆ ಶ್ರುತಿ ಹೋಯಿತು. ಸೊನ್ನೆಯನ್ನು ದಾಟಿ ಅಲೆಯನ್ನೇ ಹಿಮ್ಮುಖವಾಗಿ ಓಡಿಸಬಲ್ಲ ವಿಶೇಷ ಆಂದೋಲಕಗಳೂ ಇವೆ. ಅವುಗಳಲ್ಲಿ ಐನೂರು ಮತ್ತು ಋಣ ನೂರರ ಸರಾಸರಿ ಮತ್ತೆ ಇನ್ನೂರೇ. ಸಂಖ್ಯಾರೇಖೆಯಲ್ಲಿ ಸೊನ್ನೆಯ ಎಡಕ್ಕೂ ಊರುಗಳಿವೆ ಎಂದು ಆರನೆಯ ತರಗತಿಯಲ್ಲಿ ಹೇಳುವಾಗ, ಅಲ್ಲಿ ಸಂಗೀತವೂ ಇದೆಯೆಂದು ಹೇಳಬಹುದಿತ್ತು.

ಆ ರಾತ್ರಿ ಅವನು ಚೌನಿಂಗ್ ಅವರ ಪ್ರಬಂಧದಲ್ಲಿನ ಗಂಟೆಯ ಉದಾಹರಣೆಯನ್ನು ಲ್ಯಾಪ್‌ಟಾಪಿನಲ್ಲಿ ನುಡಿಸಿ ತೋರಿಸಿದ. ಮೂಲ ಸ್ವರ 200, ತೂಗುವುದು 280. ಹೀಗೆ ತೂಗಿದಾಗ ಮೂಲದ ಎರಡೂ ಬದಿಗೆ 280ರ ಹೆಜ್ಜೆಯಲ್ಲಿ ಹೊಸ ಸ್ವರಗಳು ಹುಟ್ಟುತ್ತವೆ: ಮೇಲೆ 480, 760, ಕೆಳಗೆ ಋಣ 80, ಋಣ 360, ಅವು ಕಿವಿಗೆ 80 ಮತ್ತು 360 ಆಗಿ ಕೇಳಿಸುತ್ತವೆ. ಇವು ಯಾವುವೂ 200ರ ಗುಣಕಗಳಲ್ಲ. ತೂಗುವುದೂ 200 ಆಗಿದ್ದರೆ 400, 600, 800 ಎಂದು ಶಿಸ್ತಾಗಿ ನಿಲ್ಲುತ್ತಿದ್ದವು. ಕಹಳೆಯಂಥ ನಾದ ಬರುತ್ತಿತ್ತು. 280 ಆದದ್ದರಿಂದ ಲೋಹದ ನಾದ ಬಂದಿತು. ತೂಗಾಟದ ಆಳ ಹದಿನೈದು ಸೆಕೆಂಡುಗಳಲ್ಲಿ ಕ್ರಮೇಣ ಇಳಿಯುತ್ತ, ಹುಟ್ಟಿದ ಸ್ವರಗಳೆಲ್ಲ ಒಂದೊಂದಾಗಿ ಕರಗಿ, ಕೊನೆಗೆ ಮೂಲ ಮಾತ್ರ ಉಳಿದು ಅದೂ ಅಡಗಿತು. ನನಗೆ ಅದು ದೇವಾಲಯದ ಗಂಟೆಯಾಗಿ ಕೇಳಿಸಲಿಲ್ಲ. ಶಾಲೆಯ ಬೇವಿನ ಮರಕ್ಕೆ ತೂಗುಹಾಕಿದ್ದ ರೈಲು ಹಳಿಯ ತುಂಡಾಗಿ ಕೇಳಿಸಿತು. ಜವಾನ ಬಡಿದ ಮೇಲೆ ಅದು ಹೀಗೆಯೇ ಬಹಳ ಹೊತ್ತು ಗುನುಗುತ್ತ ನಿಲ್ಲುತ್ತಿತ್ತು. ಆ ಗುನುಗಿನ ಕೊನೆಯಲ್ಲಿ ಪ್ರಾರ್ಥನೆ ಆರಂಭವಾಗುತ್ತಿತ್ತು. ಆಗ ನೆನಪಾಯಿತು, ಸಂಜೆ ಗದರಿದ ದನಿ ಯಾವುದೆಂದು.

ಎಂಬತ್ತರ ದಶಕದ ಮಾತು. ನಾನು ಆಗ ಸಹಶಿಕ್ಷಕ. ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸುವುದು ನನ್ನ ಹೆಮ್ಮೆ. ಕುರಿ ಕಾಯುವ ಮನೆಯಿಂದ ಬಂದ ಏಳನೆಯ ತರಗತಿಯ ಹುಡುಗನೊಬ್ಬನಿಗೆ ಎತ್ತರದ, ತುಂಬು ಕಂಠವಿತ್ತು. ಆದರೆ ಅವನ ಗಾಂಧಾರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೇಲಕ್ಕೂ ಕೆಳಕ್ಕೂ ತೊಟ್ಟಿಲಿನಂತೆ ಆಡುತ್ತಿತ್ತು. ನಾನು ಪೇಟಿಯ ಗಾಂಧಾರದ ಮನೆಯನ್ನು ಒತ್ತಿಹಿಡಿದು, “ಗಾಂಧಾರ ಇಲ್ಲಿದೆ, ನಿನ್ನದೆಲ್ಲಿದೆ?” ಎಂದು ಎಲ್ಲರೆದುರು ಕೇಳಿದೆ. ಅವನು ಸ್ವಲ್ಪ ಯೋಚಿಸಿ, “ನಂದೂ ಅಲ್ಲೇ ಐತೆ ಸಾರ್, ತೂಗ್ತೈತೆ ಅಷ್ಟೆ” ಎಂದ. ಮಕ್ಕಳು ನಕ್ಕರು, ನಾನೂ ನಕ್ಕೆ. “ಶ್ರುತಿ ಬಿಟ್ಟಿತು, ನಿಲ್ಲಿಸು” ಎಂದು ಹೇಳಿ ಮರುದಿನದಿಂದ ಅವನನ್ನು ಪ್ರಾರ್ಥನೆಯ ಸಾಲಿನಿಂದ ತೆಗೆದುಹಾಕಿದೆ.

ಹಾರ್ಮೋನಿಯಂಗೆ ತೂಗುವ ಶಕ್ತಿಯೇ ಇಲ್ಲ. ಒಂದೊಂದು ರೀಡಿಗೂ ಒಂದೊಂದೇ ಸ್ವರ. ಅದು ನಿಂತಲ್ಲೇ ನಿಲ್ಲುತ್ತದೆ. ತೋಡಿಯ ಗಾಂಧಾರವನ್ನು ವಿದ್ವಾಂಸರು ತೂಗಿಯೇ ಹಾಡಬೇಕು. ನಿಲ್ಲಿಸಿ ಹಾಡಿದರೆ ಅದು ತೋಡಿಯೇ ಅಲ್ಲ. ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಂ ಅನ್ನು ತಮ್ಮ ಕೇಂದ್ರಗಳಿಂದ ಹೊರಗಿಟ್ಟದ್ದಕ್ಕೆ ಹೇಳಿದ ಕಾರಣಗಳಲ್ಲಿ, ಅದರಲ್ಲಿ ಗಮಕ ನುಡಿಯದು ಎಂಬುದೂ ಒಂದು. 1971ರಲ್ಲಿ ಆ ನಿಷೇಧ ಸಡಿಲವಾಯಿತು. ಮೂವತ್ತೊಂದು ವರ್ಷ ಯಾವ ಕೊರತೆಗಾಗಿ ದೇಶವೇ ಹೊರಗಿಟ್ಟಿತ್ತೋ, ಅದೇ ಕೊರತೆಯ ವಾದ್ಯವನ್ನು ಅಳತೆಗೋಲು ಮಾಡಿಕೊಂಡು ನಾನು ಒಂದು ಮಗುವನ್ನು ಹೊರಗಿಟ್ಟಿದ್ದೆ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಗಮಕದ ನಿಧಾನ ತೂಗಾಟದಲ್ಲಿ ಕಿವಿ ಏರಿಳಿತವನ್ನು ನೇರವಾಗಿ ಹಿಂಬಾಲಿಸುವುದರಿಂದ, ಅಲ್ಲಿ ಸಮವೆನಿಸುವುದು ಗುಣಾಕಾರದ ಲೆಕ್ಕವೇ. ವೇಗದ ತೂಗಾಟದಲ್ಲಿ ಒಟ್ಟು ಕಂಪನಗಳ ಎಣಿಕೆ ಮುಖ್ಯವಾಗುವುದರಿಂದ ಕೂಡಿಕೆಯ ಲೆಕ್ಕ ಬೇಕು. ಆದ್ದರಿಂದ ಆ ಹುಡುಗನ ಕಂಠಕ್ಕೂ ಈ ಯಂತ್ರದ ಎರಡನೆಯ ತೂತಿಗೂ ಗಣಿತ ಒಂದೇ ಅಲ್ಲ. ನಾನು ಕಲಿತದ್ದು ಅದಕ್ಕಿಂತ ಸರಳವಾದದ್ದು: ತೂಗುವುದು ಬೇರೆ, ತಪ್ಪುವುದು ಬೇರೆ. ಒಂದು ಸ್ವರ ಎಷ್ಟು ಆಡುತ್ತಿದೆ ಎಂಬುದರಿಂದ ಅದು ಶ್ರುತಿಯಲ್ಲಿದೆಯೋ ಇಲ್ಲವೋ ಹೇಳಲಾಗದು. ಅದು ಯಾವುದರ ಸುತ್ತ ಆಡುತ್ತಿದೆ ಎಂದು ನೋಡಬೇಕು. ನಾನು ಎರಡನ್ನೂ ಒಂದೇ ಎಂದುಕೊಂಡಿದ್ದೆ.

ಗಡಿಯ ಕನ್ನಡಿಗನಾದ ನನಗೆ ಇದು ಮೊದಲೇ ತಿಳಿದಿರಬೇಕಿತ್ತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗಗಳು ಇತ್ತ ಬಂದವು, ಬಳ್ಳಾರಿ ಅತ್ತ ಹೋಯಿತು. ನಮ್ಮ ಸೀಮೆಯಲ್ಲಿ ಜಮೀನಿನ ಕಾಗದ ತೆಲುಗಿನಲ್ಲಿ, ತೊಟ್ಟಿಲ ಹಾಡು ಕನ್ನಡದಲ್ಲಿ. ಬೆಂಗಳೂರಿನ ನೆಂಟರು ನಮ್ಮ ಮಾತು ಕೇಳಿ, “ನಿಮ್ಮ ಕನ್ನಡ ತೆಲುಗಿಗೆ ವಾಲಿದೆ” ಎನ್ನುತ್ತಾರೆ. ನಮ್ಮದು ತೂಗುತ್ತದೆ, ತಪ್ಪಿಲ್ಲ ಎಂದು ನಾನು ಉತ್ತರಿಸಬಲ್ಲೆ. ಆದರೆ ಎರಡನೆಯ ನಿಬಂಧನೆ ಇಲ್ಲಿಯೂ ಇದೆ. ಮೂಲ ಚಿಕ್ಕದಾಗಿ ತೂಗಾಟ ದೊಡ್ಡದಾದರೆ ಸ್ವರ ಸೊನ್ನೆಗೆ ಬಂದು ನಿಲ್ಲುತ್ತದೆ. ಮನೆಯಲ್ಲಿ ಕನ್ನಡ ಆಡಿಯೂ ಓದಲು ಬಾರದ ಮಕ್ಕಳನ್ನು ಕಂಡಾಗ ನನಗೆ ಭಯವಾಗುವುದು ತೆಲುಗಿನ ಬಲದಿಂದಲ್ಲ. ನಮ್ಮ ಮೂಲ ಕ್ಷೀಣಿಸುತ್ತಿರುವುದರಿಂದ.

ಮೊಮ್ಮಗ ಬೆಂಗಳೂರಿಗೆ ಹಿಂತಿರುಗಿದ ಮೇಲೆ ನಾನು ಆ ಹುಡುಗನನ್ನು ವಿಚಾರಿಸಿದೆ. ಹುಡುಗನೆಂದೆ, ಈಗ ಅವನಿಗೂ ಐವತ್ತು ದಾಟಿದೆ, ಮೊಮ್ಮಕ್ಕಳಿದ್ದಾರೆ. ಹತ್ತಿರದ ಹಳ್ಳಿಯಲ್ಲೇ ಕುರಿಗಳನ್ನೂ ಸ್ವಲ್ಪ ಶೇಂಗಾ ಹೊಲವನ್ನೂ ನೋಡಿಕೊಂಡಿದ್ದಾನೆ. ಒಂದು ಶನಿವಾರ ಆಟೋ ಹಿಡಿದು ಹೋದೆ. ನನ್ನನ್ನು ಕಂಡು ಎದ್ದು ನಿಂತು, ಕಾಲಿಗೆ ನಮಸ್ಕರಿಸಿ, ಮಂಚದ ಮೇಲೆ ಕೂರಿಸಿದ. ಮಜ್ಜಿಗೆ ಬಂತು. ನಾನು ಹೇಳಬೇಕೆಂದು ಹೋದದ್ದನ್ನು ಹೇಳಿದೆ: “ಅಂದು ನಿನ್ನ ಗಾಂಧಾರ ಸರಿಯಾಗಿಯೇ ಇತ್ತಪ್ಪ. ತಪ್ಪಿದವನು ನಾನು.”

ಅವನು ಮರೆತಿರಬಹುದೆಂದು ಒಳಗೊಳಗೇ ಆಸೆಪಟ್ಟಿದ್ದೆ. ಮರೆತಿರಲಿಲ್ಲ. “ಅವತ್ತಿನಿಂದ ಇಸ್ಕೂಲಲ್ಲಿ ಬಾಯಿ ಬಿಡ್ಲಿಲ್ಲ ಸಾರ್” ಎಂದ. ತುಸು ಹೊತ್ತು ಸುಮ್ಮನಿದ್ದು, “ಕುರಿ ಹಿಂದೆ ಹಾಡ್ಕೊಂಡೆ. ಕುರಿಗೇನು ಪೇಟಿ ಗೊತ್ತಾ?” ಎಂದು ನಕ್ಕ. ಆ ನಗೆಯಲ್ಲಿ ಕಹಿ ಇರಲಿಲ್ಲ. ಆದರೆ ಕ್ಷಮೆ ಇತ್ತೆಂದು ಹೇಳಿಕೊಳ್ಳುವ ಅಧಿಕಾರ ನನಗಿಲ್ಲ.

ಆ ರಾತ್ರಿ ಊರ ಗುಡಿಯಲ್ಲಿ ಭಜನೆ. ಉಳಿಯಬೇಕೆಂದರು, ಉಳಿದೆ. ಗುಡಿಯ ಹಳೆಯ ಪೇಟಿಯನ್ನು ನನ್ನ ಮುಂದಿಟ್ಟರು. ಹಾಡುವವರ ಸಾಲಿನ ಮಧ್ಯದಲ್ಲಿ ಅವನೇ ಕುಳಿತಿದ್ದ. ಆರಂಭಿಸುವ ಮೊದಲು ನನ್ನ ಕಡೆ ಬಾಗಿ, “ಸಾರ್, ತಾವು ಸಾ ಪಾ ಮಾತ್ರ ಹಿಡೀರಿ, ಸಾಕು” ಎಂದ. ಹಿಡಿದೆ. ಅವನ ಕಂಠ ಸ್ವಲ್ಪ ಒರಟಾಗಿತ್ತು, ಆದರೂ ತುಂಬು ಉಳಿದಿತ್ತು. ಗಾಂಧಾರ ಬಂದಾಗಲೆಲ್ಲ ಅದು ಹಿಂದಿನಂತೆಯೇ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಭಜನೆ ಮುಗಿಯುವವರೆಗೂ ನಾನು ಆ ಮನೆಯ ಮೇಲೆ ಬೆರಳಿಡಲಿಲ್ಲ.